ಹಲ್ಲು ಕಿತ್ತ ಗುಳಿಯ ತಂಟೆಗೆ ಹೋಗಬೇಡ

ಪುಟ್ಟಿ, ಶುಕ್ರವಾರ ಸಂಜೆ ಬುದ್ಧಿಹಲ್ಲು ಕೀಳಿಸಿಕೊಳ್ಳುತ್ತೀಯಂತೆ. ಫೋನಿನಲ್ಲಿ ಹೇಳುವಾಗ ನಿನ್ನಮ್ಮನ ದನಿ ನಡುಗುತ್ತಿತ್ತು, ಕೀಳಿಸಿಕೊಳ್ಳುವವಳು ತಾನೇ ಏನೋ ಎನ್ನುವ ಹಾಗೆ. ಕೀಳುವುದರ ಬಗ್ಗೆ ನಾನೇನೂ ಹೇಳುವುದಿಲ್ಲ, ಅದು ಡಾಕ್ಟರ ಕೆಲಸ. ಸೂಜಿ ಚುಚ್ಚುವಾಗ ಒಂದಿಷ್ಟು ನೋಯುತ್ತದೆ. ಆಮೇಲೆ ಒತ್ತಿದ್ದು, ಎಳೆದದ್ದು ಗೊತ್ತಾದರೂ ನೋವು ಗೊತ್ತಾಗುವುದಿಲ್ಲ. ನಿನ್ನ ಕೆಲಸ ಶುರುವಾಗುವುದು ಆ ಕುರ್ಚಿಯಿಂದ ಎದ್ದ ಮೇಲೆ. ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ನರ್ಸಾಗಿದ್ದಷ್ಟು ಕಾಲವೂ ನಾನು ನೋಡಿದ್ದು ಇದನ್ನೇ. ಡಾಕ್ಟರು ನೀಟಾಗಿ ಕಿತ್ತು ಕಳಿಸಿರುತ್ತಾರೆ, ಇವರು ಮನೆಗೆ ಹೋಗಿ ಏನೋ ಮಾಡಿಕೊಂಡು ಮೂರನೇ ದಿನ ಕೆನ್ನೆ ಹಿಡಿದುಕೊಂಡು ವಾಪಸು ಬರುತ್ತಾರೆ.

ಮೊದಲು ದಿನದ ಮಾತು. ಶುಕ್ರವಾರ ಸಂಜೆ ಬೇಡ ಕಣೇ. ಶನಿವಾರ ಭಾನುವಾರ ಮಲಗಿ ಸೋಮವಾರ ಆಫೀಸಿಗೆ ಹೋಗಬಹುದು ಎನ್ನುವುದು ನಿನ್ನ ಲೆಕ್ಕ. ಬಾವು ನಿನ್ನ ಲೆಕ್ಕ ಕೇಳುವುದಿಲ್ಲ. ಅದು ಏರುತ್ತಾ ಹೋಗಿ ಎರಡನೇ ಮೂರನೇ ದಿನಕ್ಕೆ ತುದಿ ಮುಟ್ಟುತ್ತದೆ. ತೊಂದರೆ ಏನಾದರೂ ಕಾಣಿಸಿಕೊಳ್ಳುವುದೂ ಆಗಲೇ, ಅಂದರೆ ಕ್ಲಿನಿಕ್ಕಿಗೆ ಬೀಗ ಬಿದ್ದಿರುವ ಭಾನುವಾರ. ಸಾಧ್ಯವಾದರೆ ಬುಧವಾರ ಬೆಳಿಗ್ಗೆಗೆ ಹಾಕಿಸಿಕೋ. ಬೆಳಿಗ್ಗೆ ಕಿತ್ತರೆ ಸಂಜೆಯ ತನಕ ರಕ್ತ ನಿಲ್ಲದಿದ್ದರೂ ಹೋಗಿ ತೋರಿಸಬಹುದು, ಅರ್ಧರಾತ್ರಿ ಗಾಬರಿಯಾಗುವುದು ತಪ್ಪುತ್ತದೆ. ಬರೀ ಹಲ್ಲಿನ ಜಾಗ ಮರಗಟ್ಟಿಸಿ ಕೀಳುವುದಾದರೆ ಹೊಟ್ಟೆ ತುಂಬ ತಿಂಡಿ ತಿಂದೇ ಹೋಗು. ಹಸಿದ ಹೊಟ್ಟೆಯಲ್ಲಿ ಭಯವನ್ನೂ ಸೇರಿಸಿಕೊಂಡು ಬಂದು ಕುರ್ಚಿಯಲ್ಲೇ ತಲೆಸುತ್ತಿ ಬೀಳುವವರಿಗೆ ನಾನು ಎಷ್ಟು ಸಲ ಸಕ್ಕರೆ ನೀರು ಕುಡಿಸಿದ್ದೇನೋ. ಪೂರ್ತಿ ಮತ್ತು ಬರಿಸಿ ಕೀಳುವುದಾದರೆ ಮಾತ್ರ ಉಪವಾಸ ಇರಬೇಕು, ಎಷ್ಟು ಹೊತ್ತು ಎನ್ನುವುದನ್ನು ಅವರೇ ಹೇಳುತ್ತಾರೆ.

ಈಗ ಮುಖ್ಯವಾದದ್ದು. ಹಲ್ಲು ಕಿತ್ತರೆ ದವಡೆಯ ಮೂಳೆಯಲ್ಲಿ ಒಂದು ಗುಳಿ ಉಳಿಯುತ್ತದೆ. ಅದರಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಮುಚ್ಚಳ, ಅದೇ ಮದ್ದು. ಅದರ ಆಸರೆಯಲ್ಲೇ ಹೊಸ ಮಾಂಸ ಬೆಳೆದು ಗಾಯ ಕೂಡುವುದು. ಅದು ಕಿತ್ತು ಬಂದರೆ ಒಳಗಿನ ಮೂಳೆ ಬಯಲಾಗುತ್ತದೆ, ಗಾಳಿ ತಾಕಿದರೂ ಪ್ರಾಣ ಹೋಗುತ್ತದೆ. ಡಾಕ್ಟರುಗಳು ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ. ಮೇಲಿನ ಹಲ್ಲಿಗಿಂತ ಕೆಳದವಡೆಯ ಹಲ್ಲಿಗೆ, ಅದರಲ್ಲೂ ಬುದ್ಧಿಹಲ್ಲಿಗೆ ಇದರ ಕಾಟ ಹೆಚ್ಚು. ರಾತ್ರಿ ಹೆಪ್ಪು ಹಾಕಿಟ್ಟ ಹಾಲಿನ ಪಾತ್ರೆಯನ್ನು ಬೆಳಗಾಗುವ ತನಕ ಯಾರೂ ಅಲ್ಲಾಡಿಸುವುದಿಲ್ಲವಲ್ಲ, ಹಾಗೆ ಈ ಗುಳಿಯನ್ನೂ ಅದರ ಪಾಡಿಗೆ ಬಿಟ್ಟುಬಿಡಬೇಕು. ಏನು ತಿನ್ನಬೇಕು, ಹೇಗೆ ಮಲಗಬೇಕು, ಯಾವಾಗ ಬಾಯಿ ತೊಳೆಯಬೇಕು ಅಂತ ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು. ಇದು ತಲೆಗೆ ಹೋಯಿತೆಂದರೆ ಉಳಿದದ್ದನ್ನು ನೀನೇ ಊಹಿಸಿಕೊಳ್ಳಬಲ್ಲೆ.

ಕಿತ್ತ ಕೂಡಲೇ ಡಾಕ್ಟರು ಹತ್ತಿಯದೋ ಬಟ್ಟೆಯದೋ ಒಂದು ಉಂಡೆಯನ್ನು ಆ ಜಾಗದಲ್ಲಿಟ್ಟು ಕಚ್ಚಿಕೋ ಅನ್ನುತ್ತಾರೆ. ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರು. ಮಾತಾಡಬೇಡ. ರಕ್ತ ನಿಂತಿತೋ ಇಲ್ಲವೋ ನೋಡೋಣ ಅಂತ ಐದೈದು ನಿಮಿಷಕ್ಕೆ ತೆಗೆದು ನೋಡಬೇಡ, ನೋಡಿದಷ್ಟು ಸಲವೂ ಕಟ್ಟುತ್ತಿದ್ದ ಹೆಪ್ಪು ಹತ್ತಿಗೆ ಅಂಟಿಕೊಂಡು ಬರುತ್ತದೆ. ಜೊಲ್ಲು ಬಾಯಿ ತುಂಬಿದರೆ ನುಂಗು. ನಮ್ಮವರಿಗೆ ಇದೇ ಕಷ್ಟ. ರಕ್ತದ ರುಚಿ ಬಂದ ತಕ್ಷಣ ಥೂ ಅಂತ ಉಗುಳಲೇಬೇಕು ಅನ್ನಿಸುತ್ತದೆ. ಆಸ್ಪತ್ರೆಯ ಗೇಟು ದಾಟುವುದರೊಳಗೆ ಹತ್ತು ಸಲ ಉಗುಳಿ, ರಕ್ತ ನಿಲ್ಲುತ್ತಲೇ ಇಲ್ಲ ಸಿಸ್ಟರ್ ಅಂತ ತಿರುಗಿ ಬರುತ್ತಿದ್ದರು. ನಿಲ್ಲುವುದಕ್ಕೆ ನೀವು ಬಿಟ್ಟರಲ್ಲವೇ ಅಂತ ನಾನು ಮತ್ತೊಂದು ಉಂಡೆ ಇಟ್ಟು ಬೆಂಚಿನ ಮೇಲೆ ಕೂರಿಸುತ್ತಿದ್ದೆ.

ಮನೆಗೆ ಬಂದ ಮೇಲೂ ಒಂದು ದಿನದ ತನಕ ಜೊಲ್ಲಿನಲ್ಲಿ ಕೆಂಪು ಕಾಣಿಸುತ್ತದೆ. ಒಂದು ತೊಟ್ಟು ರಕ್ತಕ್ಕೆ ಬಾಯಿ ತುಂಬ ಜೊಲ್ಲು ಕೆಂಪಾಗುತ್ತದೆ, ಹೆದರಬೇಡ. ದಿಂಬಿನ ಮೇಲೆ ಹಳೆಯ ಟವೆಲ್ ಹಾಸಿಕೊಂಡು, ಎರಡು ದಿಂಬಿಟ್ಟು ತಲೆ ಎತ್ತರವಾಗಿರುವ ಹಾಗೆ ಮಲಗು. ಜಿನುಗುವುದು ಬೇರೆ, ತಾಜಾ ರಕ್ತ ಬಾಯಿ ತುಂಬ ತುಂಬಿಕೊಳ್ಳುವುದು ಬೇರೆ. ಹಾಗಾದರೆ ಮೆಡಿಕಲ್ ಸ್ಟೋರಿನ ಬ್ಯಾಂಡೇಜ್ ಬಟ್ಟೆಯನ್ನೋ ತೊಳೆದ ಹತ್ತಿ ಬಟ್ಟೆಯನ್ನೋ ಒದ್ದೆ ಮಾಡಿ ಹಿಂಡಿ, ಮಡಿಸಿ, ಗುಳಿಯ ಮೇಲಿಟ್ಟು ಅರ್ಧ ಗಂಟೆ ಕಚ್ಚಿಕೊಂಡು ಕೂತಿರು. ಟೀ ಬ್ಯಾಗನ್ನು ನೆನೆಸಿ ತಣ್ಣಗಾದ ಮೇಲೆ ಕಚ್ಚಿಕೊಂಡರೂ ಆಗುತ್ತದೆ, ಚಹಾದ ಒಗರಿಗೆ ರಕ್ತ ಹಿಡಿಯುವ ಗುಣವಿದೆ. ಅದಕ್ಕೂ ಬಗ್ಗದಿದ್ದರೆ ಡಾಕ್ಟರಿಗೆ ಫೋನ್ ಮಾಡು.

ಮರಗಟ್ಟಿದ್ದು ಬಿಡುವುದಕ್ಕೆ ಮೂರು ನಾಲ್ಕು ಗಂಟೆ ಬೇಕು. ಮರಗಟ್ಟಿಸುವ ಲಿಗ್ನೋಕೇನ್ ಎನ್ನುವ ಮದ್ದನ್ನು ಸ್ವೀಡನ್ನಿನ ನಿಲ್ಸ್ ಲೋಫ್ಗ್ರೆನ್ 1943ರಲ್ಲಿ ತಯಾರಿಸಿದ. ಅದು ನಮ್ಮ ಊರುಗಳಿಗೆ ಬರುವ ಮೊದಲು ಸಂತೆಯಲ್ಲಿ ಇಕ್ಕಳ ಹಿಡಿದು ಕೂತವನ ಮುಂದೆ ಬಾಯಿ ತೆರೆಯಬೇಕಿತ್ತು, ಇಬ್ಬರು ಹೆಗಲು ಅಮುಕಿ ಹಿಡಿಯುತ್ತಿದ್ದರಂತೆ. ನಿನಗೆ ಆ ಕಷ್ಟವಿಲ್ಲ. ಆದರೆ ತುಟಿ ಕೆನ್ನೆ ನಿನ್ನದಲ್ಲ ಎನ್ನುವ ಹಾಗಿರುವಾಗ ಏನನ್ನೂ ಅಗಿಯಬೇಡ, ಕೆನ್ನೆಯನ್ನೇ ಅಗಿದುಕೊಂಡರೂ ಗೊತ್ತಾಗುವುದಿಲ್ಲ. ಚಿಕ್ಕ ಮಕ್ಕಳು ತುಟಿ ಕಚ್ಚಿ ಕಚ್ಚಿ ಸಂಜೆಗೆ ಊದಿಸಿಕೊಂಡು ಬರುವುದುಂಟು. ನಾವು ಲೋಟ ಎತ್ತಿ ನೀರು ಕುಡಿಯುತ್ತೇವಲ್ಲ, ಆ ಹೊತ್ತಿನಲ್ಲಿ ಅದೂ ಬೇಡ, ಅರ್ಧ ನೀರು ಕುತ್ತಿಗೆಯ ಮೇಲಿರುತ್ತದೆ. ತುಟಿಗೆ ಕೊಟ್ಟು ಗುಟುಕು ಗುಟುಕಾಗಿ ಕುಡಿ. ಮೊದಲ ದಿನವಿಡೀ ಮಂಜುಗಡ್ಡೆಯನ್ನು ಕರ್ಚೀಫಿನಲ್ಲಿ ಸುತ್ತಿ ಕೆನ್ನೆಯ ಹೊರಗೆ ಕಾಲು ಗಂಟೆ ಒತ್ತಿಡು, ಕಾಲು ಗಂಟೆ ಬಿಡು. ಎರಡು ದಿನ ಕಳೆದ ಮೇಲೆ ಮಂಜು ಬಿಟ್ಟು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಡು. ಇದನ್ನು ತಿರುಗುಮುರುಗು ಮಾಡಿ, ಮೊದಲ ದಿನವೇ ಬಿಸಿ ಶಾಖ ಕೊಟ್ಟು ಕೆನ್ನೆಯನ್ನು ಇನ್ನಷ್ಟು ಊದಿಸಿಕೊಳ್ಳುವವರೇ ಹೆಚ್ಚು.

ಇನ್ನು ಚೀಪುವ ವಿಷಯ. ಏನನ್ನಾದರೂ ಹೀರಿದರೆ, ಚೀಪಿದರೆ ಬಾಯೊಳಗಿನ ಎಳೆತಕ್ಕೆ ಹೆಪ್ಪು ಮೇಲೆದ್ದು ಬರುತ್ತದೆ. ಸ್ಟ್ರಾ ಬೇಡ ಅಂತ ಡಾಕ್ಟರು ಹೇಳೇ ಹೇಳುತ್ತಾರೆ. ನೀನು ಹೂಂ ಅನ್ನುತ್ತೀಯೆ. ಆಮೇಲೆ ನೀನಿರುವ ಪಿ.ಜಿ. ಮುಂದಿನ ಎಳನೀರಿನವನು ಕೊಚ್ಚಿ ಸ್ಟ್ರಾ ಸಿಕ್ಕಿಸಿಯೇ ಕೈಗೆ ಕೊಡುತ್ತಾನೆ, ಮರೆತು ಹೀರುತ್ತೀಯೆ. ಎಳನೀರು ಒಳ್ಳೆಯದೇ, ಬಾಟಲಿಗೆ ಬಗ್ಗಿಸಿಕೊಂಡು ಬಂದು ಲೋಟದಲ್ಲಿ ಕುಡಿ. ಡಾಕ್ಟರು ಹೇಳದೆ ಬಿಡುವುದು ನಮ್ಮ ಮನೆಯ ಚೀಪಾಟಗಳನ್ನು. ಸಾರನ್ನು ಸೊರ್ ಅಂತ ಎಳೆಯುವುದು, ನುಗ್ಗೇಕಾಯಿ ಚೀಪುವುದು, ಮಾವಿನ ಓಟೆ ಚೀಪುವುದು, ಬಿಸಿ ಕಾಫಿಯನ್ನು ಸದ್ದು ಮಾಡಿಕೊಂಡು ಹೀರುವುದು, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ನಾಲಿಗೆಯಿಂದ ಚಪ್ ಚಪ್ ಅಂತ ಎಳೆಯುವುದು. ಬೆಳಿಗ್ಗೆ ಎದ್ದು ನಾಲಿಗೆ ಕೆರೆದುಕೊಳ್ಳುತ್ತಾ ಬೀದಿಗೆಲ್ಲ ಕೇಳುವ ಹಾಗೆ ಕ್ಯಾಕರಿಸುವುದು ನಿಮ್ಮಪ್ಪನ ಮನೆಯವರ ಅಭ್ಯಾಸ. ನಿನಗೂ ಬಂದಿದ್ದರೆ ಒಂದು ವಾರ ರಜೆ ಕೊಡು.

ಸಿಗರೇಟಿನ ದಮ್ಮೂ ಇದೇ ಎಳೆತ, ಜೊತೆಗೆ ಹೊಗೆಯ ವಿಷ ಗಾಯಕ್ಕೆ ರಕ್ತ ಬರುವುದನ್ನೇ ಕಡಿಮೆ ಮಾಡುತ್ತದೆ. ನೀನು ಸೇದುವುದಿಲ್ಲ ಅಂತ ನಾನು ಅಂದುಕೊಂಡಿದ್ದೇನೆ. ಸೇದುವುದಾದರೂ ನಿನ್ನಮ್ಮನಿಗೆ ಹೇಳುವವಳು ನಾನಲ್ಲ. ಆದರೆ ಮೂರು ದಿನವಂತೂ ಮುಟ್ಟಲೇಬೇಡ, ವಾರ ಬಿಟ್ಟರೆ ಇನ್ನೂ ಒಳ್ಳೆಯದು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲೂ ಡ್ರೈ ಸಾಕೆಟ್ ಹೆಚ್ಚು. ಯಾವ ಕಾರಣಕ್ಕೆ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಮೊದಲೇ ಹೇಳು, ಅದರಲ್ಲಿ ಮುಚ್ಚುಮರೆ ಏನಿದೆ.

ಊಟಕ್ಕೆ ಬರೋಣ. ಹಲ್ಲು ಕಿತ್ತಿದೆ ಅಂತ ಉಪವಾಸ ಬೀಳಬೇಡ. ಗಾಯ ಮಾಯುವುದಕ್ಕೂ ಅನ್ನ ಬೇಕು, ಮಾತ್ರೆ ನುಂಗುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು. ಮೊದಲ ದಿನ ತಣ್ಣಗಿರುವುದು, ನುಂಗುವಂಥದ್ದು. ತಣ್ಣನೆಯ ಹಾಲು, ನೀರು ಮಜ್ಜಿಗೆ, ಮೊಸರು, ತಣಿದ ಗಂಜಿ. ಐಸ್‌ಕ್ರೀಮ್ ತಿನ್ನಬಹುದು, ಚಮಚದಲ್ಲಿ ತಿನ್ನು, ಕೋನ್ ಬೇಡ, ಗೋಡಂಬಿ ಚೂರು ಹಾಕಿದ್ದು ಬೇಡ. ನೆಗಡಿಯಾಗುತ್ತದೆ ಅಂತ ನಿನ್ನಮ್ಮ ತಡೆದರೆ ದೊಡ್ಡಮ್ಮ ಹೇಳಿದ್ದಾಳೆ ಅನ್ನು. ಕುದಿಯುವ ಕಾಫಿ ಆ ದಿನ ಬೇಡವೇ ಬೇಡ, ಬಿಸಿಗೆ ರಕ್ತ ಮತ್ತೆ ಜಿನುಗುತ್ತದೆ. ಕಾಫಿ ಇಲ್ಲದಿದ್ದರೆ ತಲೆ ಸಿಡಿಯುತ್ತದೆ ಅನ್ನುವವಳಾದರೆ ಲೋಟ ಬಟ್ಟಲಿಗೆ ನಾಲ್ಕು ಸಲ ಎತ್ತಿ ಹೊಯ್ದು, ಉಗುರುಬೆಚ್ಚಗೂ ಇಲ್ಲ ಅನ್ನುವಷ್ಟು ಆರಿಸಿ ಕುಡಿ.

ಪಿ.ಜಿ.ಯಲ್ಲಿ ಗಂಜಿ ಯಾರು ಮಾಡಿಕೊಡುತ್ತಾರೆ ಅಂತ ಕೇಳಬೇಡ, ಇಂಡಕ್ಷನ್ ಒಲೆ ಇದೆಯಲ್ಲ. ಎರಡು ಚಮಚ ರಾಗಿಹಿಟ್ಟನ್ನು ಮೊದಲು ಅರ್ಧ ಲೋಟ ತಣ್ಣೀರಿನಲ್ಲಿ ಕದಡು. ನೇರ ಕುದಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆ, ಗಂಟಿನೊಳಗೆ ಹಿಟ್ಟು ಹಸಿಯಾಗೇ ಉಳಿಯುತ್ತದೆ. ಇನ್ನೊಂದು ಲೋಟ ನೀರು ಕುದಿಯಲಿಟ್ಟು, ಕದಡಿದ್ದನ್ನು ನಿಧಾನ ಹೊಯ್ಯುತ್ತಾ ಕೈಬಿಡದೆ ತಿರುವು. ಮೊದಲು ಬೂದುಬಣ್ಣಕ್ಕಿರುತ್ತದೆ, ಬೆಂದ ಹಾಗೆ ಬಣ್ಣ ಕಪ್ಪಾಗಿ ಮೇಲೆ ಮಿರುಗು ಬರುತ್ತದೆ, ಹಸಿ ವಾಸನೆ ಹೋಗಿರುತ್ತದೆ. ಇಳಿಸಿ ಪೂರ್ತಿ ಆರಿಸಿ, ಮಜ್ಜಿಗೆ ಉಪ್ಪು ಬೆರೆಸಿದರೆ ಅಂಬಲಿ, ಹಾಲು ಬೆಲ್ಲ ಬೆರೆಸಿದರೆ ಮಾಲ್ಟು. ಹಸಿಮೆಣಸಿನಕಾಯಿ, ಈರುಳ್ಳಿ ಹೆಚ್ಚಿ ಹಾಕಬೇಡ, ಅದು ಗಟ್ಟಿ ಹಲ್ಲಿನವರ ಅಂಬಲಿ.

ಎರಡನೇ ದಿನದಿಂದ ಮೊಸರನ್ನ. ಅಕ್ಕಿಗೆ ಎಂದಿಗಿಂತ ಹೆಚ್ಚು ನೀರಿಟ್ಟು ಮುದ್ದೆಯಾಗುವಂತೆ ಬೇಯಿಸಿ, ಬಿಸಿ ಇರುವಾಗಲೇ ಹಾಲು ಹಾಕಿ ಸೌಟಿನ ಬೆನ್ನಲ್ಲಿ ಹಿಚುಕು, ಆರಿದ ಮೇಲೆ ಮೊಸರು ಕಲಸು. ಒಗ್ಗರಣೆ ಹಾಕಬೇಡ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಒಗ್ಗರಣೆ ಇಲ್ಲದ ಮೊಸರನ್ನ ಕಂಡರೆ ಯಾರೋ ಸಾಸಿವೆ ಡಬ್ಬಿ ತೆಗೆದೇ ತೆಗೆಯುತ್ತಾರೆ. ಸಾಸಿವೆ ಕಾಳು ಆ ಗುಳಿಗೆ ಹೇಳಿ ಮಾಡಿಸಿದ ಅಳತೆಯದು. ಒಳಗೆ ಇಳಿದು ಕೂತರೆ ನಾಲಿಗೆಗೂ ಸಿಗದು, ನೀರಿಗೂ ಬಗ್ಗದು. ಬಾಗಿದ ಮೂತಿಯ ಸಿರಿಂಜಿನಲ್ಲಿ ನೀರು ಬಿಟ್ಟು ತೊಳೆಯುವಾಗ ಟ್ರೇಯೊಳಗೆ ಬೀಳುತ್ತಿದ್ದ ಸಾಸಿವೆ, ಎಳ್ಳು, ಸೀಬೆಬೀಜ, ಟೊಮ್ಯಾಟೊ ಬೀಜಗಳನ್ನು ನೋಡಿದ್ದರೆ ನೀನೂ ಒಗ್ಗರಣೆಯ ಆಸೆ ಬಿಡುತ್ತಿದ್ದೆ. ಇದೇ ಕಾರಣಕ್ಕೆ ಉಪ್ಪಿಟ್ಟೂ ಮೋಸ. ಮೆತ್ತಗಿದೆ ಅಂತ ತಿನ್ನುತ್ತಾರೆ, ರವೆ ಉದುರುದುರಾಗಿ ಬಾಯೆಲ್ಲ ಹರಡುತ್ತದೆ, ಕಡಲೆಬೇಳೆ ಉದ್ದಿನಬೇಳೆ ಬೇರೆ. ಪಿ.ಜಿ.ಯವರು ದಿನ ಬಿಟ್ಟು ದಿನ ಅದನ್ನೇ ಮಾಡುತ್ತಾರೆ ಅಂತ ನೀನೇ ಗೊಣಗುತ್ತಿದ್ದೆ. ಈಗ ಬಿಡುವುದಕ್ಕೆ ಒಳ್ಳೆ ನೆಪ ಸಿಕ್ಕಿತು.

ಹೆಸರುಬೇಳೆ ತೊವ್ವೆ ಮಾಡಿಸಿಕೋ. ಮೆಣಸಿನಕಾಯಿ ಇಲ್ಲದೆ, ಅರಿಶಿನ ಉಪ್ಪು ತುಪ್ಪ ಅಷ್ಟೇ ಹಾಕಿ, ಬೇಳೆ ಕರಗುವಷ್ಟು ಬೇಯಿಸಿದ್ದು. ಬರೀ ಗಂಜಿ ಕುಡಿದುಕೊಂಡಿದ್ದರೆ ಎರಡು ದಿನದಲ್ಲಿ ಸೊರಗುತ್ತೀಯೆ, ಗಾಯ ಕೂಡುವುದಕ್ಕೆ ಬೇಳೆಯ ಸತ್ವ ಬೇಕು. ಮೊಟ್ಟೆ ತಿನ್ನುವವರು ಮೆತ್ತಗೆ ಬೇಯಿಸಿ ಹಿಚುಕಿ ತಿನ್ನಬಹುದು. ಬಾಳೆಹಣ್ಣು, ಪಪ್ಪಾಯ, ಸಿಪ್ಪೆ ಬೀಜ ತೆಗೆದ ಸಪೋಟ ಕಿವುಚಿಕೊಂಡು ತಿನ್ನು. ಇಡ್ಲಿಯನ್ನು ಹಾಲು ಸಕ್ಕರೆಯಲ್ಲಿ ನೆನೆಸಿದರೆ ಮಕ್ಕಳ ಊಟದ ಹಾಗೆ ಕಂಡರೂ ಚೆನ್ನಾಗಿಯೇ ಇರುತ್ತದೆ. ಸೆಟ್ ದೋಸೆ, ನೀರು ದೋಸೆಗೆ ನಾಲ್ಕನೇ ದಿನ ಕೈಹಾಕು, ಗರಿಗರಿ ಮಸಾಲೆ ದೋಸೆಗೆ ಅಲ್ಲ.

ಮುದ್ದೆಯ ವಿಷಯ ಬೇರೆಯೇ. ಹಲ್ಲೇ ಇಲ್ಲದ ನಮ್ಮ ಅಜ್ಜಂದಿರು ಮಂಡ್ಯ, ಹಾಸನದ ಕಡೆ ಕೊನೆಯ ತನಕ ಗಟ್ಟಿಮುಟ್ಟಾಗಿ ಬದುಕಿದ್ದು ಮುದ್ದೆಯಿಂದ. ಅದನ್ನು ಅಗಿಯುವುದಿಲ್ಲ, ನುಂಗುವುದು. ಹಲ್ಲು ಕಿತ್ತವರಿಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ, ಆದರೆ ಎರಡು ಎಚ್ಚರಿಕೆ ಇಟ್ಟುಕೋ. ಮುದ್ದೆಯ ಮೈ ಆರಿದ್ದರೂ ಹೊಟ್ಟೆಯೊಳಗೆ ಸುಡುತ್ತಿರುತ್ತದೆ, ಮುರಿದು ತಟ್ಟೆಯ ಮೇಲೆ ಹರಡಿ ಆರಲು ಬಿಡು. ಬಸ್ಸಾರು, ಹುರುಳಿ ಸಾರಿನ ಖಾರ ಗಾಯಕ್ಕೆ ಬಿದ್ದರೆ ಕಣ್ಣಲ್ಲಿ ನೀರು ಬರುತ್ತದೆ, ಒಂದು ವಾರ ತೊವ್ವೆಯಲ್ಲೋ ಮಜ್ಜಿಗೆಯಲ್ಲೋ ಅದ್ದಿಕೊಂಡು ನುಂಗು. ನೀನು ಚಿಕ್ಕಂದಿನಿಂದ ನುಂಗಿದವಳು, ನಿನಗೆ ಸರಿ. ಮುದ್ದೆಯ ಮುಖವನ್ನೇ ಕಾಣದ ನಿನ್ನ ರೂಮ್‌ಮೇಟಿಗೆ ಹಲ್ಲು ಕಿತ್ತ ದಿನ ನುಂಗುವ ಪಾಠ ಹೇಳಿಕೊಡಲು ಹೋಗಬೇಡ, ಗಂಟಲಿಗೆ ಸಿಕ್ಕಿಕೊಂಡೀತು.

ಚಪಾತಿ ಒಂದು ವಾರಕ್ಕೆ, ಅದೂ ಇನ್ನೊಂದು ಪಕ್ಕದ ಹಲ್ಲಿನಲ್ಲಿ. ಅಕ್ಕಿರೊಟ್ಟಿ, ಚಕ್ಕುಲಿ, ನಿಪ್ಪಟ್ಟು, ಹುರಿಗಾಳು, ಕಡಲೆಕಾಯಿ ಬೀಜ ಹಾಕಿದ ಚಿತ್ರಾನ್ನ, ಪುಳಿಯೋಗರೆ ಇವೆಲ್ಲ ಎರಡು ವಾರ ಕಳೆಯಲಿ. ಉಪ್ಪಿನಕಾಯಿ ಉರಿಯುತ್ತದೆ ಅಂತ ನಾನು ಹೇಳಬೇಕಾಗಿಲ್ಲ, ಒಂದು ಸಲ ನೆಕ್ಕಿ ನೋಡು, ನೀನೇ ಬಿಡುತ್ತೀಯೆ.

ಇನ್ನು ನಿನಗೆ ಬರಲಿರುವ ಫೋನುಗಳು. ಮೊಸರು ತಿಂದರೆ ಕೀವಾಗುತ್ತದೆ, ಬಾಳೆಹಣ್ಣು ಶೀತ, ಬದನೆಕಾಯಿ ನಂಜು, ಬರೀ ಬ್ರೆಡ್ಡು ಹಾಲಿನಲ್ಲೇ ಇರು ಅಂತ ಒಬ್ಬೊಬ್ಬರು ಒಂದೊಂದು ಪಥ್ಯ ಹೇಳುತ್ತಾರೆ. ಕೀವಾಗುವುದು ಕೊಳೆಯಿಂದ, ಸೋಂಕಿನಿಂದ. ಮೊಸರಿನಿಂದ ಅಲ್ಲ. ಹಿರಿಯರಿಗೆ ಎದುರು ಹೇಳಬೇಡ, ಆಗಲಿ ಅತ್ತೆ ಅನ್ನು, ಫೋನಿಟ್ಟು ಮೊಸರನ್ನ ತಿನ್ನು. ಆದರೆ ಒಂದು ಸಲಹೆ ಬಂದರೆ ಮಾತ್ರ ತಮಾಷೆಗೂ ಒಪ್ಪಬೇಡ. ಗುಳಿಯೊಳಗೆ ಲವಂಗ ಇಡು, ಹೊಗೆಸೊಪ್ಪು ಇಡು, ಸುಣ್ಣ ಇಡು, ಅರಿಶಿನ ತುಂಬು ಎನ್ನುವುದು. ಸುಣ್ಣ ಬಾಯಿಯನ್ನು ಬೇಯಿಸುತ್ತದೆ. ಲವಂಗದ ಎಣ್ಣೆ ನೋವು ಕಡಿಮೆ ಮಾಡುವುದು ನಿಜ, ಡ್ರೈ ಸಾಕೆಟ್ ಆದಾಗ ಡಾಕ್ಟರು ಇಡುವ ಮದ್ದಿನ ಪಟ್ಟಿಯಲ್ಲೂ ಅದರ ಸತ್ವವೇ ಇರುತ್ತದೆ. ಆದರೆ ಎಷ್ಟು, ಎಲ್ಲಿ, ಎಷ್ಟು ದಿನ ಎನ್ನುವುದು ಅವರಿಗೆ ಗೊತ್ತು. ಬಾಟಲಿಯಿಂದ ನೇರ ಸುರಿದುಕೊಂಡು ವಸಡು ಬಿಳುಚಿ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ನೋವಿನ ಮಾತ್ರೆಯನ್ನೇ ವಸಡಿನ ಮೇಲೆ ಒತ್ತಿಟ್ಟುಕೊಳ್ಳುವ ಪುಣ್ಯಾತ್ಮರೂ ಇದ್ದಾರೆ. ಮಾತ್ರೆ ನುಂಗುವುದಕ್ಕೆ, ಇಟ್ಟುಕೊಳ್ಳುವುದಕ್ಕಲ್ಲ.

ಮಾತ್ರೆ ಅಂದೆನಲ್ಲ, ಮರಗಟ್ಟಿದ್ದು ಪೂರ್ತಿ ಬಿಡುವ ಮೊದಲೇ ಡಾಕ್ಟರು ಬರೆದ ನೋವಿನ ಮಾತ್ರೆಯನ್ನು ಗಂಜಿ ಕುಡಿದು ತೆಗೆದುಕೋ. ನೋವು ತಲೆಗೇರಿದ ಮೇಲೆ ಇಳಿಸುವುದು ಕಷ್ಟ. ಚೀಟಿಯಲ್ಲಿ ಕಾಂಬಿಫ್ಲಾಮ್ ಇದ್ದು, ಸಾಲದು ಅಂತ ನೀನೇ ಡೋಲೋ ಸೇರಿಸಿಕೊಳ್ಳಬೇಡ. ಕಾಂಬಿಫ್ಲಾಮಿನಲ್ಲಿ ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲ್ ಆಗಲೇ ಇದೆ, ಡೋಲೋ ಎಂದರೂ ಅದೇ ಪ್ಯಾರಾಸಿಟಮಾಲ್. ಗೊತ್ತಿಲ್ಲದೆ ಎರಡೆರಡು ಪಾಲು ನುಂಗಿದಂತಾಗುತ್ತದೆ, ಮಿತಿ ಮೀರಿದರೆ ಪೆಟ್ಟು ಬೀಳುವುದು ಲಿವರಿಗೆ. ಆಸ್ಪಿರಿನ್ ಬೇಡ, ರಕ್ತ ಹೆಪ್ಪುಗಟ್ಟುವುದಕ್ಕೆ ಅದು ಅಡ್ಡಿ. ಆಸ್ತಮಾ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಏನಿದ್ದರೂ ಮೊದಲೇ ಹೇಳಬೇಕು. ಸೋಂಕಿನ ಮಾತ್ರೆಯನ್ನು ಎಲ್ಲರಿಗೂ ಬರೆಯುವುದಿಲ್ಲ. ಬರೆದರೆ ಪೂರ್ತಿ ಮುಗಿಸು, ಬರೆಯದಿದ್ದರೆ ಮೆಡಿಕಲ್ ಸ್ಟೋರಿನವನ ಮಾತು ಕೇಳಿ ತಂದು ನುಂಗಬೇಡ. ಮೆಟ್ರೊನಿಡಜೋಲ್ ಬರೆದಿದ್ದರೆ ಬಾಯೆಲ್ಲ ತಾಮ್ರ ನೆಕ್ಕಿದಂತಿರುತ್ತದೆ, ಊಟ ರುಚಿಸುವುದಿಲ್ಲ, ಅದು ಮಾತ್ರೆಯ ಗುಣ. ಆ ದಿನಗಳಲ್ಲಿ ಪಾರ್ಟಿ ಗೀರ್ಟಿ ಅಂತ ಬಿಯರ್ ಮುಟ್ಟಬಾರದು.

ಬಾಯಿ ಮುಕ್ಕಳಿಸುವುದು ಮೊದಲ 24 ಗಂಟೆ ಬೇಡ. ಮರುದಿನದಿಂದ ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದಾಗಲೆಲ್ಲ ಬಾಯಲ್ಲಿಟ್ಟುಕೊಂಡು ತಲೆಯನ್ನು ಆ ಕಡೆ ಈ ಕಡೆ ವಾಲಿಸು. ಗುಳುಗುಳು ಅನ್ನಿಸಬೇಡ. ಬೇಸಿನ್ ಮೇಲೆ ಬಾಗಿ ಬಾಯಿ ತೆರೆದರೆ ನೀರು ತಾನಾಗಿ ಬೀಳುತ್ತದೆ, ಉಗಿಯಬೇಡ. ಎಣ್ಣೆ ಮುಕ್ಕಳಿಸುವ ಹೊಸ ಚಟ ಹಿಡಿದಿದ್ದರೆ ಅದನ್ನೂ ಸದ್ಯಕ್ಕೆ ಬಿಡು. ಹಲ್ಲುಜ್ಜುವುದನ್ನು ಮಾತ್ರ ಬಿಡಬೇಡ. ಗುಳಿಯ ಸುತ್ತ ಬಿಟ್ಟು ಉಳಿದ ಹಲ್ಲುಗಳನ್ನು ಮೆತ್ತಗೆ ಉಜ್ಜು, ಬಾಯಿ ಕೊಳಕಾಗಿದ್ದರೆ ಗಾಯವೂ ಕೊಳಕಾಗುತ್ತದೆ.

ಮೂರನೇ ದಿನ ಮೊಬೈಲ್ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನೋಡೇ ನೋಡುತ್ತೀಯೆ, ನನಗೆ ಗೊತ್ತು. ಗುಳಿಯ ಮೇಲೆ ಬಿಳಿ ಹಳದಿ ಪೊರೆ ಕಾಣುತ್ತದೆ. ಅಯ್ಯೋ ಕೀವು ಅಂತ ಕಡ್ಡಿಯಿಂದ ಕೆರೆಯಬೇಡ, ಅದು ಗಾಯ ಮಾಯುವಾಗ ಕಟ್ಟುವ ಪೊರೆ. ಬಾಯಿ ಎರಡು ಬೆರಳಿನಷ್ಟೂ ತೆರೆಯಲಾರದೆ ಬಿಗಿದಿದ್ದರೂ ಗಾಬರಿ ಬೇಡ. ಬುದ್ಧಿಹಲ್ಲಿಗೆ ದವಡೆಯ ಸ್ನಾಯು ಸೆಟೆದುಕೊಳ್ಳುವುದು ಸಾಮಾನ್ಯ, ಒಂದೆರಡು ವಾರದಲ್ಲಿ ಸಡಿಲವಾಗುತ್ತದೆ. ಜಿಮ್ಮಿನಲ್ಲಿ ಭಾರ ಎತ್ತುವುದನ್ನು ನಾಲ್ಕೈದು ದಿನ ನಿಲ್ಲಿಸು. ಕಿತ್ತದ್ದು ಮೇಲಿನ ದವಡೆಯದಾದರೆ ಇನ್ನೊಂದು ಮಾತು. ಅಲ್ಲಿನ ಬೇರು ಮೂಗಿನ ಪಕ್ಕದ ಸೈನಸ್ಸಿನ ತನಕ ಹೋಗಿರಬಹುದು, ಹಾಗಾಗಿ ಎರಡು ವಾರ ಮೂಗನ್ನು ಜೋರಾಗಿ ಸೀಟಬೇಡ, ಸೀನು ಬಂದರೆ ಬಾಯಿ ತೆರೆದೇ ಸೀನು. ಕುಡಿದ ನೀರು ಮೂಗಿನಲ್ಲಿ ಬಂದರೆ ಕೂಡಲೇ ಹೋಗಿ ತೋರಿಸು.

ದಿನದಿಂದ ದಿನಕ್ಕೆ ನೋವು ಇಳಿಯುತ್ತಿದ್ದರೆ ಎಲ್ಲ ಸರಿಯಿದೆ ಅಂತ. ಇಳಿದ ನೋವು ಎರಡು ಮೂರು ನಾಲ್ಕನೇ ದಿನ ಹಿಂದೆಂದಿಗಿಂತ ಜೋರಾಗಿ ತಿರುಗಿ ಬಂದು ಕಿವಿಯ ತನಕ ಹೊಡೆದರೆ, ಬಾಯಿ ನಾರಿದರೆ, ಮಾತ್ರೆಗೆ ಬಗ್ಗದಿದ್ದರೆ ಅದು ಡ್ರೈ ಸಾಕೆಟ್. ಸಹಿಸಿಕೊಂಡು ಕೂರಬೇಡ. ಡಾಕ್ಟರು ತೊಳೆದು ಮದ್ದಿನ ಪಟ್ಟಿ ಇಟ್ಟರೆ ಅವತ್ತೇ ರಾತ್ರಿ ನಿದ್ದೆ ಮಾಡುತ್ತೀಯೆ. ಮರುದಿನವೂ ತುಟಿ ಗಲ್ಲ ಮರಗಟ್ಟಿದಂತೆಯೇ ಇದ್ದರೆ ಹೇಳು, ಕೆಳಗಿನ ಬುದ್ಧಿಹಲ್ಲಿನ ಬೇರಿನ ಹತ್ತಿರವೇ ಒಂದು ನರ ಹಾದುಹೋಗುತ್ತದೆ. ಜ್ವರ ಬಂದು ಬಾವು ಕೆನ್ನೆಯಿಂದ ಕುತ್ತಿಗೆಗೆ ಇಳಿದು, ಎಂಜಲು ನುಂಗುವುದೋ ಉಸಿರಾಡುವುದೋ ಕಷ್ಟವಾದರೆ ಕ್ಲಿನಿಕ್ ಬಾಗಿಲು ತೆರೆಯಲಿ ಅಂತ ಕಾಯಬೇಡ. ಎಷ್ಟು ಹೊತ್ತಾಗಿದ್ದರೂ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗು, ಅದು ಪ್ರಾಣಕ್ಕೆ ಸಂಬಂಧಿಸಿದ್ದು.

ನಿನ್ನಪ್ಪನಿಗೂ ಒಂದು ಹಲ್ಲು ಅಲ್ಲಾಡುತ್ತಿದೆಯಂತೆ, ನಿನ್ನ ನೋಡಿ ಅವನಿಗೂ ಧೈರ್ಯ ಬರಬಹುದು. ಅವನಿಗೆ ಹೇಳಬೇಕಾದದ್ದು ಬೇರೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಇಳಿದು ಬೆವರಿ ಬೀಳುತ್ತಾನೆ, ಗಂಜಿಯನ್ನಾದರೂ ಹೊತ್ತಿಗೆ ಸರಿಯಾಗಿ ಕುಡಿಯಬೇಕು. ಹೃದಯಕ್ಕೆ ತೆಗೆದುಕೊಳ್ಳುವ ರಕ್ತ ತೆಳುಮಾಡುವ ಮಾತ್ರೆಯನ್ನು ಹಲ್ಲು ಕೀಳಿಸಬೇಕು ಅಂತ ತಾನೇ ನಿಲ್ಲಿಸಬಾರದು, ಹಲ್ಲಿನ ಡಾಕ್ಟರೂ ಹೃದಯದ ಡಾಕ್ಟರೂ ಮಾತಾಡಿಕೊಳ್ಳಲಿ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅಂತ ಅವನು ವರ್ಷಗಳಿಂದ ಮುಂದೂಡುತ್ತಿದ್ದಾನೆ. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. ಹಲ್ಲು ಅಲ್ಲಾಡುವ ವಯಸ್ಸಿನಲ್ಲೇ ಕಣ್ಣಿನ ಪೊರೆಯೂ ಬರುತ್ತದೆ, ಜನ ಎರಡನ್ನೂ ಗಂಟು ಹಾಕಿದ್ದಾರೆ.

ಹೊಲಿಗೆ ಹಾಕಿದ್ದರೆ ರೇಷ್ಮೆ ದಾರದ್ದನ್ನು ಒಂದು ವಾರಕ್ಕೆ ಬಿಚ್ಚುತ್ತಾರೆ, ಕರಗುವ ದಾರವಾದರೆ ತಾನಾಗಿ ಉದುರುತ್ತದೆ. ಯಾವುದು ಅಂತ ಬರುವಾಗಲೇ ಕೇಳಿಕೊಂಡು ಬಾ. ಮೇಲಿನ ವಸಡು ಕೂಡಲು ಮೂರು ನಾಲ್ಕು ವಾರ, ಒಳಗೆ ಮೂಳೆ ತುಂಬಲು ತಿಂಗಳುಗಳೇ ಬೇಕು, ಆದರೆ ಅದು ನಿನ್ನ ಗಮನಕ್ಕೂ ಬರುವುದಿಲ್ಲ. ಬುದ್ಧಿಹಲ್ಲಿನ ಜಾಗಕ್ಕೆ ಕಟ್ಟಿಸಿದ ಹಲ್ಲು ಬೇಕಿಲ್ಲ. ಇನ್ನು ಮೂರು ಬುದ್ಧಿಹಲ್ಲು ಉಳಿದಿವೆಯಲ್ಲ, ಅವನ್ನೂ ಒಟ್ಟಿಗೆ ತೆಗೆಸಿಬಿಡಲೇ ಅಂತ ಕೇಳಿದೆಯಂತೆ. ಎಕ್ಸ್‌ರೇ ತೋರಿಸಿ ಕೇಳು. ನೆಟ್ಟಗೆ ಬಂದು, ನೋವು ಕೊಡದೆ, ಬ್ರಷ್ಷಿಗೆ ಸಿಗುವಂತಿದ್ದರೆ ಇದ್ದುಕೊಳ್ಳಲಿ ಬಿಡು. ತೆಗೆಯಲೇಬೇಕು ಅಂದರೆ ಒಂದು ಪಕ್ಕದ್ದು ಈಗ, ಇನ್ನೊಂದು ಪಕ್ಕದ್ದು ಇದು ಮಾಯ್ದ ಮೇಲೆ ಅಂತ ಕೇಳಿ ನೋಡು, ಅಗಿಯುವುದಕ್ಕೆ ಒಂದು ಪಕ್ಕವಾದರೂ ಉಳಿದಿರುತ್ತದೆ. ರಾಗಿಹಿಟ್ಟು, ಹೆಸರುಬೇಳೆಯನ್ನು ಸೋಮವಾರ ಬಸ್ಸಿನಲ್ಲಿ ಕಳಿಸುತ್ತೇನೆ.